ಹಾಜಿ ಕಾಸಮನ ವಿಜಳಿ



1888ರ ಹೊತ್ತಿಗೆ ಅಹಮದಾಬಾದ್, ವಡೋದರಾ, ಸೂರತ್ತಿನವರು ಮುಂಬಯಿಗೆ ಹೊರಟರೆ ರೈಲು ಹತ್ತುತ್ತಿದ್ದರು. ಆ ಹಳಿ 1864ರಲ್ಲೇ ಬಿದ್ದಿತ್ತು. ಕಚ್ಛಿನವರಿಗೆ ಮಾತ್ರ ಆ ಅನುಕೂಲವಿರಲಿಲ್ಲ. ಅವರು ಗಂಟುಮೂಟೆ ಕಟ್ಟಿಕೊಂಡು ಮಾಂಡವಿ ಬಂದರಿಗೆ ಬಂದು ಉಗಿಹಡಗು ಹಿಡಿಯಬೇಕಿತ್ತು.

ಅಂಥ ಹಡಗುಗಳಲ್ಲಿ ಒಂದು ವೈತರಣಾ. ಸ್ಕಾಟ್ಲೆಂಡಿನ ಗ್ರೇಂಜ್‌ಮೌತಿನಲ್ಲಿ ಕಟ್ಟಿದ್ದು, ಮುಂಬಯಿಯ ಶೆಫರ್ಡ್ ಕಂಪನಿಗೆ ಸೇರಿದ್ದು. ಊರೂರೂ ಎಣ್ಣೆದೀಪದಲ್ಲಿದ್ದ ಕಾಲದಲ್ಲಿ ಈ ಹಡಗಿನಲ್ಲಿ ವಿದ್ಯುತ್ ದೀಪ ಉರಿಯುತ್ತಿತ್ತು. ಹಾಗಾಗಿ ಜನ ಅದನ್ನು ‘ವಿಜಳಿ’, ಅಂದರೆ ವಿದ್ಯುತ್, ಎಂದೇ ಕರೆದರು.

ಆ ವರ್ಷದ ನವೆಂಬರ್ 8. ದೀಪಾವಳಿ ಆಗಷ್ಟೇ ಮುಗಿದಿತ್ತು. ವಿಜಳಿ ಮಧ್ಯಾಹ್ನ ಮಾಂಡವಿ ಬಿಟ್ಟು, ದ್ವಾರಕೆಯಲ್ಲಿ ಇನ್ನಷ್ಟು ಜನರನ್ನು ಹತ್ತಿಸಿಕೊಂಡಿತು. ಗಾಳಿ ಕೆಟ್ಟಿದ್ದರಿಂದ ಪೋರಬಂದರಿನಲ್ಲಿ ನಿಲ್ಲಲಾಗಲಿಲ್ಲ. ಮುಂದೆ ಮಾಂಗರೋಳದ ಕಡಲಲ್ಲಿ ಕಂಡಿತಂತೆ, ಅಷ್ಟೇ. ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳು ಮುಂಗಾರಿಗೆ ಮೊದಲು ಮತ್ತು ಅದು ಮುಗಿದ ಮೇಲೆ ಏಳುತ್ತವೆ. ಹಬ್ಬ ಮುಗಿಸಿ ಜನ ಊರು ಬಿಡುವ ದಿನಗಳೂ ಅವೇ. 740ಕ್ಕೂ ಹೆಚ್ಚು ಮಂದಿಯಲ್ಲಿ ಒಬ್ಬರೂ ಮರಳಲಿಲ್ಲ. ಸರಕಾರ ಹಡಗು ಕಳಿಸಿ ಹುಡುಕಿಸಿದರೂ ಕುರುಹು ಸಿಗಲಿಲ್ಲ. ವಿಚಾರಣೆಯಲ್ಲಿ ಹೊರಬಿದ್ದದ್ದು ಸಂಕಟದ ಸಂಗತಿ: ಜೀವರಕ್ಷಕ ದೋಣಿ, ತೇಲುಪಟ್ಟಿಗಳೇ ಸಾಲದಾಗಿದ್ದವು. ಬಿರುಗಾಳಿಯನ್ನು ತಡೆಯಲು ಯಾರಿಂದಲೂ ಆಗದು. ದೋಣಿಗಳ ಕೊರತೆ ಮಾತ್ರ ಮನುಷ್ಯರ ಅಪರಾಧವೇ.

ಮುಳುಗಿದ ಹಡಗು ಎಂದಾದರೂ ಸಿಕ್ಕೀತೇ? ಅಮೆರಿಕದ ‘ಸೆಂಟ್ರಲ್ ಅಮೆರಿಕ’ ಸಿಕ್ಕಿತು. 1857ರ ಚಂಡಮಾರುತದಲ್ಲಿ ಸುಮಾರು 425 ಜನರೊಂದಿಗೆ ಮುಳುಗಿದ ಆ ಹಡಗು 1988ರಲ್ಲಿ ಎರಡು ಸಾವಿರ ಮೀಟರಿಗೂ ಹೆಚ್ಚು ಆಳದಲ್ಲಿ ಪತ್ತೆಯಾಯಿತು. ಅಲ್ಲಿ ಬದುಕುಳಿದವರಿದ್ದರು, ಅವರನ್ನು ಎತ್ತಿಕೊಂಡ ಹಡಗುಗಳಿದ್ದವು. ಅವರು ಹೇಳಿದ ಸ್ಥಳ, ಗಾಳಿಯ ದಿಕ್ಕು, ಪ್ರವಾಹದ ಸೆಳೆತ ಎಲ್ಲವನ್ನೂ ಗಣಿತಕ್ಕೆ ಇಳಿಸಿ, ಕಡಲಿನ ಯಾವ ಚೌಕದಲ್ಲಿ ಹಡಗು ಇರುವ ಸಂಭವ ಎಷ್ಟೆಂದು ನಕ್ಷೆ ಬರೆದರು. ಆಮೇಲೆ ಸೋನಾರ್‌ನಿಂದ ತಳ ತಡಕಿದರು. ವಿಜಳಿಯ ಪಾಲಿಗೆ ಹಾಗೆ ಹೇಳುವವರು ಒಬ್ಬರೂ ಉಳಿಯಲಿಲ್ಲ.

ಉಳಿದದ್ದು ಹಾಡು. ಹಾಜಿ ಕಾಸಮ್ ಎಂಬುವನನ್ನು ಹೆಸರು ಹಿಡಿದು ಕರೆದು, ನಿನ್ನ ವಿಜಳಿ ಏನಾಯಿತೆಂದು ಗೋಳಿಡುವ ಹಾಡು. ಝವೇರಚಂದ್ ಮೇಘಾಣಿ ಅದನ್ನು ಜನರ ಬಾಯಿಂದ ಸಂಗ್ರಹಿಸಿದರು. ಗುಣವಂತರಾಯ್ ಆಚಾರ್ಯ 1954ರಲ್ಲಿ ಕಾದಂಬರಿ ಬರೆದರು. ಧೋರಾಜಿಯ ವೈ. ಎಂ. ಚಿತಲವಾಲಾ ಹಳೆಯ ದಾಖಲೆಗಳನ್ನು ಕೆದಕಿ ಪುಸ್ತಕ ಮಾಡಿದರು. ಇಷ್ಟರ ಮಟ್ಟಿಗೆ ವಿಜಳಿ ಕಡಲಿಂದ ಮೇಲೆದ್ದಿದೆ.

ನನಗೆ ಇದು ಸಾಲದು. ಅಹಮದಾಬಾದಿನ ಬಳಿಯ ಹರಪ್ಪಾ ಕಾಲದ ಲೋಥಲನ್ನು ಅಗೆದು ತೋರಿಸಿದವರು ನಮ್ಮವರೇ ಆದ ಶಿಕಾರಿಪುರ ರಂಗನಾಥ ರಾವ್. ಮುಂದೆ ಅವರೇ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ತಂಡ ಕಟ್ಟಿಕೊಂಡು ದ್ವಾರಕೆಯ ಕಡಲಿಗೆ ಮುಳುಗುಗಾರರನ್ನು ಇಳಿಸಿದರು. ವಿಜಳಿ ಕೊನೆಯ ಪ್ರಯಾಣಿಕರನ್ನು ಹತ್ತಿಸಿಕೊಂಡದ್ದು ಅದೇ ದ್ವಾರಕೆಯಲ್ಲಿ. ಸಾವಿರಾರು ವರ್ಷದ ಹಿಂದಿನದನ್ನು ಹುಡುಕಿದ ವಿದ್ಯೆ ನಮ್ಮಲ್ಲಿದೆ. ಪೋರಬಂದರಿನಿಂದ ಮಾಂಗರೋಳದವರೆಗಿನ ತಳವನ್ನು ಈ ಹಡಗಿಗಾಗಿಯೇ ಒಮ್ಮೆ ಕ್ರಮವಾಗಿ ಶೋಧಿಸಬೇಕು.