ಹಳೆಯ ಮೋಟಾರಿನ ನಡುಕ: ನಿದಾನವೂ ಚಿಕಿತ್ಸೆಯೂ



ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯನ್ನು ತಾವೆಲ್ಲರೂ ಕೇಳಿರುವಿರಿ. ಮೋಟಾರು ಗಾಡಿಗಳ ವಿಷಯದಲ್ಲಿ ಈ ಗಾದೆಯು ಬಹಳ ಸಲ ನಿಜವಾಗುವುದು. ಹಳೆಯ ಗಾಡಿಯೊಂದು ನಿಂತಲ್ಲೇ ಗಡಗಡನೆ ನಡುಗತೊಡಗಿದರೆ, ಎಂಜಿನ್ನೇ ಸವೆದುಹೋಯಿತೆಂದು ತಿಳಿದು, ಅದನ್ನು ಬಿಚ್ಚಿಸಿ, ಸಿಲಿಂಡರುಗಳನ್ನು ಕೊರೆಯಿಸಿ, ಸಾವಿರಾರು ರೂಪಾಯಿಗಳನ್ನು ವೆಚ್ಚಮಾಡುವವರುಂಟು. ಅಷ್ಟು ಹಣವಿಲ್ಲದವರು ತಂದೆಯ ಕಾಲದ ಗಾಡಿಯನ್ನು ಗುಜರಿಗೆ ತೂಗಿ ಕೊಡುವುದೂ ಉಂಟು. ಆದರೆ ದೋಷವಿದ್ದುದು ಹೆಬ್ಬೆರಳಿನ ಗಾತ್ರದ ಒಂದು ಕಂಡೆನ್ಸರಿನಲ್ಲಿಯೋ, ಬಿರುಕು ಬಿಟ್ಟ ಒಂದು ರಬ್ಬರಿನ ತುಂಡಿನಲ್ಲಿಯೋ ಆಗಿರಬಹುದು. ಆದುದರಿಂದ ಚಿಕಿತ್ಸೆಗಿಂತ ಮೊದಲು ನಿದಾನವಾಗಬೇಕೆಂಬ ವೈದ್ಯರ ನಿಯಮವು ಯಂತ್ರಗಳಿಗೂ ಸಲ್ಲುವುದೆಂಬುದೇ ಈ ದಿನದ ನನ್ನ ಮಾತಿನ ಸಾರ.

ಸೊಲ್ಲಾಪುರದಿಂದ ವಿಜಯಪುರದ ಮೇಲೆ ಹಾದು ಹೊಸಪೇಟೆಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಆಲಮಟ್ಟಿಯ ಅಣೆಕಟ್ಟಿಗೆ ಸಮೀಪವಾಗಿ, ನಿಡಗುಂದಿಯೆಂಬ ಊರಿರುವುದು. ಅಲ್ಲಿ ಒಂದು ಹಳೆಯ ಅಂಬಾಸಡರ್ ಕಾರು ಇದೆಯೆಂದು ಊಹಿಸಿಕೊಳ್ಳೋಣ. ಬೇಸಗೆಯ ಬಿಸಿಲು, ಎರೆಹೊಲಗಳ ಧೂಳು, ಚಳಿಗಾಲದ ಬೆಳಗಿನ ಇಬ್ಬನಿ, ಈ ಮೂರೂ ಅಂತಹ ಗಾಡಿಯ ಕಿಡಿಯ ವ್ಯವಸ್ಥೆಯನ್ನು ಪರೀಕ್ಷೆಗೆ ಗುರಿಮಾಡತಕ್ಕವು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮಾದರಿಯನ್ನನುಸರಿಸಿದ ಈ ಅಂಬಾಸಡರು ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾಗುತ್ತಿದ್ದಿತು. ಬಹುಕಾಲ ಅದರಲ್ಲಿದ್ದುದು 1489 ಘನ ಸೆಂಟಿಮೀಟರಿನ, ನಾಲ್ಕು ಸಿಲಿಂಡರುಗಳ ಪೆಟ್ರೋಲ್ ಎಂಜಿನ್ನು.

ಮೊದಲು ಕಿಡಿಯು ಹುಟ್ಟುವ ಬಗೆಯನ್ನು ನೋಡೋಣ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬ ಶಿಲ್ಪಿಯು 1910ರ ಸುಮಾರಿಗೆ ರೂಪಿಸಿದ ಕ್ರಮವೇ ಈ ಗಾಡಿಗಳಲ್ಲಿಯೂ ಇರುವುದು. ಬ್ಯಾಟರಿಯ 12 ವೋಲ್ಟಿನ ವಿದ್ಯುತ್ತು ಕಾಯಿಲಿನ ದಪ್ಪ ತಂತಿಯ ಸುತ್ತುಗಳಲ್ಲಿ ಹರಿಯುತ್ತಿರುವಾಗ, ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳು ತಟ್ಟನೆ ಬಿಡಿಸಿಕೊಳ್ಳುವುವು. ಆಗ ಕಾಯಿಲಿನ ಕಾಂತಶಕ್ತಿಯು ಕುಸಿದು, ಸಣ್ಣ ತಂತಿಯ ಸುತ್ತುಗಳಲ್ಲಿ ಸಾವಿರಾರು ವೋಲ್ಟುಗಳ ಒತ್ತಡವು ಹುಟ್ಟುವುದು. ಅದನ್ನು ರೋಟರು ಸರದಿಯ ಮೇಲೆ ಒಂದೊಂದು ಪ್ಲಗ್ಗಿಗೆ ಹಂಚುವುದು. ಆ ಸರದಿಯು 1, 3, 4, 2. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿಗಳು ಬೇಕಾಗುವುವು. ಇವುಗಳಲ್ಲಿ ನಾಲ್ಕನೆಯದೊಂದು ತಪ್ಪುತ್ತ ಬಂದರೂ ಎಂಜಿನ್ನು ಕುಂಟ ಕುದುರೆಯಂತೆ ಹೆಜ್ಜೆ ಹಾಕುವುದು. ನಮ್ಮ ಮಿಸ್ತ್ರಿಗಳು ಇದನ್ನೇ ಮಿಸ್ಸಿಂಗ್ ಎಂದು ಕರೆಯುವರು.

ಯಾವ ಸಿಲಿಂಡರು ಕೆಲಸ ಮಾಡುತ್ತಿಲ್ಲವೆಂಬುದನ್ನು ಕಂಡುಹಿಡಿಯುವುದು ಸುಲಭ. ಎಂಜಿನ್ನನ್ನು ಮೆಲ್ಲಗೆ ಓಡಲು ಬಿಟ್ಟು, ವಿದ್ಯುತ್ತು ಹರಿಯದ ಹಿಡಿಯುಳ್ಳ ಇಕ್ಕಳದಿಂದ ಒಂದೊಂದೇ ಪ್ಲಗ್ಗಿನ ತಂತಿಯನ್ನು ಕಳಚಿ, ಅದರ ತುದಿಯನ್ನು ಎಂಜಿನ್ನಿನ ಕಬ್ಬಿಣದ ಸಮೀಪದಲ್ಲಿ ಹಿಡಿಯಬೇಕು. ಹಾಗೆ ಕಳಚಿದಾಗ ಎಂಜಿನ್ನಿನ ನಡಿಗೆಯು ಇನ್ನಷ್ಟು ಕೆಟ್ಟರೆ, ಆ ಸಿಲಿಂಡರು ಆರೋಗ್ಯವಾಗಿದ್ದಿತೆಂದು ತಿಳಿಯಬೇಕು. ಏನೂ ವ್ಯತ್ಯಾಸವಾಗದಿದ್ದರೆ ಅಲ್ಲಿಯೇ ರೋಗವಿರುವುದು. ಬಳಿಕ ಎಂಜಿನ್ನನ್ನು ನಿಲ್ಲಿಸಿ, ಆರಿದ ಮೇಲೆ, ಆ ಪ್ಲಗ್ಗನ್ನು ನೆರೆಯ ಸಿಲಿಂಡರಿನ ಪ್ಲಗ್ಗಿನೊಡನೆ ಅದಲುಬದಲು ಮಾಡಬೇಕು. ದೋಷವೂ ಅದರೊಡನೆ ಹೋದರೆ ಪ್ಲಗ್ಗೇ ಅಪರಾಧಿ. ಹೋಗದಿದ್ದರೆ ತಂತಿಯನ್ನೂ ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನೂ ನೋಡಬೇಕು. ಮುಚ್ಚಳದ ಒಳಮೈಯಲ್ಲಿ ಕೂದಲೆಳೆಯಂತಹ ಕಪ್ಪು ಗೆರೆ ಕಂಡರೆ ಕಿಡಿಯು ಆ ದಾರಿಯಲ್ಲಿ ಸೋರಿಹೋಗುತ್ತಿದೆಯೆಂದರ್ಥ. ಇಬ್ಬನಿಯ ಪಸೆಯಿದ್ದರೆ ಒಣಬಟ್ಟೆಯಿಂದ ಒರಸಿದರೆ ಸಾಕು. ಇವೆಲ್ಲವೂ ಸರಿಯಾಗಿದ್ದು ಸಿಲಿಂಡರು ಮಾತ್ರ ಸುಮ್ಮನಿದ್ದರೆ, ಆಗ ವಾಲ್ವುಗಳನ್ನೂ ಒಳಗಿನ ಒತ್ತಡವನ್ನೂ ಪರೀಕ್ಷಿಸಬೇಕು. ಎಂಜಿನ್ನನ್ನು ಬಿಚ್ಚುವ ಮಾತು ಅದಕ್ಕೂ ಮುಂದಿನದು.

ಪ್ಲಗ್ಗಿನ ಮುಖವೂ ರೋಗವನ್ನು ಹೇಳುವುದು. ತಿಳಿಯಾದ ಕಂದುಬಣ್ಣವು ಆರೋಗ್ಯದ ಗುರುತು. ಒಣಗಿದ ಮಸಿಯಿದ್ದರೆ ಪೆಟ್ರೋಲು ಹೆಚ್ಚಾಗಿ ಬರುತ್ತಿದೆ. ಎಣ್ಣೆಯ ಜಿಡ್ಡಿದ್ದರೆ ರಿಂಗುಗಳೋ ವಾಲ್ವುಗಳ ಗೈಡುಗಳೋ ಸವೆದಿವೆ. ಈ ಎಂಜಿನ್ನಿನಲ್ಲಿ ಪ್ಲಗ್ಗಿನ ತುದಿಗಳ ಅಂತರವು ಸುಮಾರು 0.6 ಮಿಲಿಮೀಟರು, ಪಾಯಿಂಟುಗಳ ಅಂತರವು, ಅವು ಪೂರ್ಣವಾಗಿ ತೆರೆದಿರುವಾಗ, 0.35ರಿಂದ 0.40 ಮಿಲಿಮೀಟರು. ಇದನ್ನು ಕಣ್ಣಂದಾಜಿನಿಂದ ಇಡದೆ ಫೀಲರ್ ಗೇಜಿನಿಂದಲೇ ಅಳೆಯಬೇಕು. ಪಾಯಿಂಟುಗಳ ಅಂತರವು ಬದಲಾದರೆ ಕಿಡಿಯ ಹೊತ್ತೂ ಬದಲಾಗುವುದಾದುದರಿಂದ ಬಳಿಕ ಟೈಮಿಂಗನ್ನೂ ಸರಿಪಡಿಸಬೇಕು. ಹೊಸ ಪಾಯಿಂಟುಗಳು ಬೇಗನೆ ಸುಟ್ಟು ಕರಕಾದರೆ ಕಂಡೆನ್ಸರನ್ನು ಶಂಕಿಸುವುದು ಯುಕ್ತ.

ಇನ್ನೊಂದು ತೊಂದರೆಯು ಬೇಸಗೆಯದು. ಗಾಡಿಯು ಹತ್ತಾರು ಮೈಲಿ ಚೆನ್ನಾಗಿ ಓಡಿ, ಕಾದ ಮೇಲೆ ತಟ್ಟನೆ ನಿಂತು, ಅರ್ಧ ಗಂಟೆ ಆರಿದೊಡನೆ ಏನೂ ಆಗದಂತೆ ಪುನಃ ಹೊರಡುವುದು. ಕಾದಾಗ ಕೆಡುವ ಕಾಯಿಲು ಅಥವಾ ಕಂಡೆನ್ಸರು ಇದಕ್ಕೆ ಕಾರಣವಾಗಬಹುದು. ನಳಿಗೆಯಲ್ಲಿ ಪೆಟ್ರೋಲು ಆವಿಯಾಗಿ ದಾರಿ ಕಟ್ಟುವುದೂ ಕಾರಣವಾಗಬಹುದು. ಎರಡರ ಲಕ್ಷಣವೂ ಒಂದೇ ಆದುದರಿಂದ, ಗಾಡಿಯು ನಿಂತ ಕ್ಷಣದಲ್ಲಿಯೇ ಕಿಡಿಯುಂಟೋ ಇಲ್ಲವೋ ಎಂದು ನೋಡಬೇಕು. ಕಿಡಿಯಿದ್ದರೆ ಪೆಟ್ರೋಲಿನ ಕಡೆ ತಿರುಗಬೇಕು. ಕಿಡಿಯಿಲ್ಲದಿದ್ದರೆ ಒಂದು ಸಣ್ಣ ಬಲ್ಬನ್ನು ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ತಂತಿಯ ಕೊನೆಗೂ ಗಾಡಿಯ ಕಬ್ಬಿಣಕ್ಕೂ ಸೇರಿಸಿ, ಎಂಜಿನ್ನನ್ನು ತಿರುಗಿಸಬೇಕು. ಬಲ್ಬು ಮಿಣುಕಿದರೆ ಪಾಯಿಂಟುಗಳು ಕೆಲಸ ಮಾಡುತ್ತಿವೆ. ಒಂದೇ ಸಮನೆ ಉರಿದರೆ ಅವು ಕೂಡುತ್ತಿಲ್ಲ, ಇಲ್ಲವೆ ಮಲಿನವಾಗಿವೆ. ಉರಿಯದೆಯೇ ಇದ್ದರೆ ಕಾಯಿಲಿಗೆ ವಿದ್ಯುತ್ತೇ ಬರುತ್ತಿಲ್ಲ, ಅಥವಾ ಕಂಡೆನ್ಸರಿನಂತಹ ಯಾವುದೋ ಒಂದು ಅದನ್ನು ನಡುವೆಯೇ ಭೂಮಿಗೆ ಹರಿಸುತ್ತಿದೆ. ಇತ್ತೀಚೆಗೆ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನವರೆಗೆ ಎಥನಾಲ್ ಬೆರೆಯುತ್ತಿರುವುದರಿಂದ, ಹಳೆಯ ಕಾರ್ಬ್ಯುರೇಟರಿನ ಮಿಶ್ರಣವು ತೆಳುವಾಗುವುದು. ಹಳೆಯ ರಬ್ಬರಿನ ನಳಿಗೆಗಳೂ ಕೆಡಬಹುದು. ಈ ದೋಷವನ್ನು ಕಿಡಿಯ ಮೇಲೆ ಹೊರಿಸಬಾರದು.

ಎಲ್ಲ ನಡುಕವೂ ಕಿಡಿಯಿಂದಲೇ ಬರುವುದೆಂದು ತಿಳಿಯಬಾರದು. ನಾಲ್ಕು ಸಿಲಿಂಡರುಗಳ ಎಂಜಿನ್ನು ಎಷ್ಟೇ ಸುಸ್ಥಿತಿಯಲ್ಲಿದ್ದರೂ ಸ್ವಭಾವದಿಂದಲೇ ಸ್ವಲ್ಪ ಅದುರತಕ್ಕದ್ದು. ಆ ಅದುರನ್ನು ಗಾಡಿಯ ಮೈಗೆ ತಲುಪದಂತೆ ತಡೆಯುವುದಕ್ಕಾಗಿಯೇ ಅದನ್ನು ರಬ್ಬರಿನ ಮೌಂಟಿಂಗುಗಳ ಮೇಲೆ ಕೂರಿಸಿರುವರು. ಎಣ್ಣೆ ಸೋರಿ ಆ ರಬ್ಬರು ಮೆತ್ತಗಾದರೆ ಅಥವಾ ಸೀಳಿದರೆ, ಆರೋಗ್ಯವಂತ ಎಂಜಿನ್ನೂ ಗಾಡಿಯನ್ನೆಲ್ಲ ನಡುಗಿಸುವುದು. ಇದನ್ನು ತಿಳಿಯಲು ಒಂದು ಉಪಾಯವುಂಟು. ಓಡುವಾಗ ಯಾವ ವೇಗದಲ್ಲಿ ನಡುಕವು ಬರುವುದೋ, ಎಂಜಿನ್ನನ್ನು ಅಷ್ಟೇ ಸುತ್ತಿಗೆ ನಿಂತಲ್ಲಿ ಏರಿಸಿ ನೋಡಬೇಕು. ಆಗಲೂ ನಡುಗಿದರೆ ಎಂಜಿನ್ನನ್ನೂ ಮೌಂಟಿಂಗನ್ನೂ ಫ್ಯಾನನ್ನೂ ಶೋಧಿಸಬೇಕು. ನಿಂತಾಗ ಶಾಂತವಾಗಿದ್ದು ಓಡುವಾಗ ಮಾತ್ರ ನಡುಗಿದರೆ ಚಕ್ರಗಳನ್ನೂ ಪ್ರೊಪೆಲರ್ ಶಾಫ್ಟನ್ನೂ ಶೋಧಿಸಬೇಕು. ಪ್ಲಗ್ಗುಗಳನ್ನು ಬದಲಾಯಿಸುವುದರಿಂದ ಏನೂ ಫಲವಿಲ್ಲ.

ಕೆಲವು ಎಚ್ಚರಿಕೆಯ ಮಾತುಗಳು ಅಗತ್ಯ. ಪೆಟ್ರೋಲು ಸೋರುತ್ತಿರುವಲ್ಲಿ ಕಿಡಿಯ ಪರೀಕ್ಷೆಯನ್ನು ಎಂದಿಗೂ ಮಾಡಬಾರದು. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ನನ್ನು ಓಡಿಸಿದರೆ ಬಣ್ಣವೂ ವಾಸನೆಯೂ ಇಲ್ಲದ ವಿಷವಾಯುವು ಪ್ರಾಣವನ್ನೇ ತೆಗೆಯಬಹುದು. ತಿರುಗುವ ಫ್ಯಾನಿನ ಬಳಿ ಸಡಿಲವಾದ ಧೋತರ, ಸೆರಗುಗಳು ಇರಕೂಡದು.

ಕಡೆಯದಾಗಿ ಒಂದು ಮಾತು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಪರೀಕ್ಷಿಸಬೇಕು. ನಾಲ್ಕನ್ನು ಒಟ್ಟಿಗೆ ಬದಲಾಯಿಸಿದರೆ ಗಾಡಿ ಸರಿಹೋದರೂ ಕಾರಣವು ತಿಳಿಯದು. ತಿಳಿಯದ ರೋಗವು ಮರುಕಳಿಸಿದಾಗ ಪುನಃ ನಾಲ್ಕಕ್ಕೂ ಬೆಲೆ ತೆರಬೇಕಾಗುವುದು. ಪಾಯಿಂಟುಗಳನ್ನು ತಿದ್ದಬಲ್ಲ ಮಿಸ್ತ್ರಿಗಳು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿರುವರು. ಅಂತಹವರು ತಮ್ಮ ಊರಿನಲ್ಲಿದ್ದರೆ, ಅವರ ಬಳಿ ಕುಳಿತು ಈ ವಿದ್ಯೆಯನ್ನು ಕಲಿತುಕೊಳ್ಳುವುದು ನಮ್ಮ ತರುಣರಿಗೆ ಲಾಭಕರವೂ ಗೌರವಕರವೂ ಆಗಿರುವುದು.