ಅಡಿಪಾಯ ಪೂರ್ತಿಗೆ, ಕಟ್ಟಡ ಕೈಲಾದಷ್ಟಕ್ಕೆ

(ಕೆರೆ ದುರಸ್ತಿ ಕೆಲಸದ ಮುಂದಾಳುಗಳ ಸಭೆಯಲ್ಲಿ ಮಾಡಿದ ಭಾಷಣ)



ನಿಮ್ಮ ಊರಿನ ಕೆರೆಯ ದುರಸ್ತಿಯ ಹೊಣೆಯನ್ನು ಊರವರು ನಿಮಗೆ ಒಪ್ಪಿಸಿದ್ದಾರೆ. ಅಂದಾಜು ಪಟ್ಟಿ ತಯಾರಾಗಿದೆ, ಗ್ರಾಮಸಭೆಯೂ ಒಪ್ಪಿದೆ. ಆದರೂ ನಿಮ್ಮ ಮನಸ್ಸಿನಲ್ಲಿ ಅಳುಕು ಇದ್ದೇ ಇರುತ್ತದೆ. ಎರಡನೆಯ ಕಂತಿನ ಹಣ ಎಂದು ಕೈಗೆ ಬರುವುದೋ ತಿಳಿಯದು. ಭರಣಿ ಮಳೆ ಜೋರಾಗಿ ಸುರಿದರೆ ಅಗೆದ ಮಣ್ಣಿನ ಗತಿಯೇನು? ಮದುವೆಯ ಲಗ್ನಗಳು ಶುರುವಾದರೆ ಆಳುಗಳು ಸಿಕ್ಕುವರೇ?

ಇಂಥ ಹೊತ್ತಿನಲ್ಲಿ ಊರಿನಲ್ಲಿ ಎರಡು ಮಾತು ಕೇಳಿಬರುವುದುಂಟು. “ಎಲ್ಲವೂ ಖಚಿತವಾಗಲಿ, ಆಮೇಲೆ ಗುದ್ದಲಿ ಹಿಡಿಯೋಣ” ಎನ್ನುವವರು ಕೆಲವರು. “ದೇವರ ಮೇಲೆ ಭಾರ ಹಾಕಿ ಅಗೆದುಬಿಡೋಣ, ಆದದ್ದಾಗಲಿ” ಎನ್ನುವವರು ಇನ್ನು ಕೆಲವರು. ಮೊದಲನೆಯವರ ಮಾತು ಕೇಳಿದರೆ ಕೆಲಸ ಎಂದಿಗೂ ಪ್ರಾರಂಭವಾಗದು. ಎರಡನೆಯವರ ಮಾತು ಕೇಳಿದರೆ ಇದ್ದ ಏರಿಯೂ ಕೊಚ್ಚಿಹೋದೀತು. ಇವೆರಡರ ನಡುವೆ ಒಂದು ದಾರಿಯಿದೆ. ಅದನ್ನು ನಮ್ಮ ನಾಡಿನವರೇ ನಡೆದು ತೋರಿಸಿದ್ದಾರೆ.

ಕನ್ನಂಬಾಡಿ ಕಟ್ಟೆಯನ್ನು ನೀವು ನೋಡಿರಬಹುದು. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾದ ವಿಶ್ವೇಶ್ವರಯ್ಯನವರು ಕಾವೇರಿಗೆ ಅಡ್ಡಲಾಗಿ ದೊಡ್ಡ ಜಲಾಶಯ ಕಟ್ಟುವ ಯೋಜನೆ ಹಾಕಿದರು. ಅದು 41.5 ಟಿ.ಎಂ.ಸಿ. ನೀರು ಹಿಡಿಯಬೇಕೆಂಬುದು ಉದ್ದೇಶ. ಕೆಳಗಡೆಯ ಮದರಾಸು ಸರ್ಕಾರ ಇದಕ್ಕೆ ಒಪ್ಪಲಿಲ್ಲ. ಕಡೆಗೆ 11 ಟಿ.ಎಂ.ಸಿ. ಮಟ್ಟಿಗೆ ಮಾತ್ರ ಅನುಮತಿ ದೊರೆಯಿತು. ಉಳಿದದ್ದು ಮುಂದೆ ದೊರೆಯುವುದೋ ಇಲ್ಲವೋ ಹೇಳುವಂತಿರಲಿಲ್ಲ.

ಆಗ ಮೈಸೂರಿನವರು ಮಾಡಿದ್ದೇನು? 1911ರಲ್ಲಿ ಕೆಲಸ ಪ್ರಾರಂಭಿಸಿದರು. ಅಡಿಪಾಯವನ್ನು ಪೂರ್ತಿ ಎತ್ತರದ ಕಟ್ಟೆಗೆ ತಕ್ಕ ಅಗಲಕ್ಕೆ ಹಾಕಿದರು. ಗೋಡೆಯನ್ನು ಮೊದಲು ಅನುಮತಿಯಿದ್ದಷ್ಟಕ್ಕೆ ಎಬ್ಬಿಸಹೊರಟರು. ಅಷ್ಟರಿಂದಲೇ ಪ್ರಯೋಜನವಿತ್ತು. 1902ರಿಂದ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿತ್ತು. ಬೇಸಗೆಯಲ್ಲಿ ಹೊಳೆ ಬತ್ತಿದರೆ ಅಲ್ಲಿ ತೊಂದರೆ. ಶೇಖರಿಸಿದ ನೀರನ್ನು ಒಂದೇ ಸಮನಾಗಿ ಬಿಟ್ಟರೆ ಆ ಕೊರತೆ ನೀಗುತ್ತಿತ್ತು. ಕೆಲಸ ನಡೆದಿರುವಾಗಲೇ 1914ರಲ್ಲಿ ಮಹಾಯುದ್ಧ ಬಂದಿತು. ಪಂಚಾಯಿತಿ ತೀರ್ಪು ಬಂದಿತು, ಅದರ ಮೇಲೆ ಮೇಲ್ಮನವಿಗಳು ನಡೆದವು. ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನೂ ಬಿಟ್ಟರು. 1924ರ ಫೆಬ್ರವರಿಯಲ್ಲಿ ಎರಡು ಸರ್ಕಾರಗಳಿಗೂ ಒಪ್ಪಂದವಾದಾಗ ಗೋಡೆಯನ್ನು ಎತ್ತರಿಸಲು ಅಡಿಪಾಯ ಸಿದ್ಧವಾಗಿಯೇ ಇತ್ತು. ಮಂಡ್ಯದ ಸೀಮೆಗೆ ನಾಲೆಯ ನೀರು ಹರಿದದ್ದು ಇದರಿಂದ.

ಇದರಲ್ಲಿ ನಮಗಿರುವ ಪಾಠ ಇಷ್ಟೇ. ಮುಂದೆ ತಿದ್ದಲಾಗದ ಭಾಗವನ್ನು ಮೊದಲೇ ಪೂರ್ತಿಯಾಗಿ ಯೋಚಿಸಿ ಭದ್ರವಾಗಿ ಮಾಡಬೇಕು. ಮುಂದೆ ಬೆಳೆಸಬಹುದಾದ ಭಾಗವನ್ನು ಹಂತಹಂತವಾಗಿ ಮಾಡಬೇಕು. ಪ್ರತಿಯೊಂದು ಹಂತವೂ, ಅಲ್ಲಿಗೇ ನಿಂತುಹೋದರೂ, ಜನರಿಗೆ ಉಪಯೋಗಕ್ಕೆ ಬರುವಂತಿರಬೇಕು.

ನಿಮ್ಮ ಕೆರೆಗೆ ಇದನ್ನು ಅನ್ವಯಿಸಿ ನೋಡಿರಿ. ಕೆರೆಯ ಕೆಲಸ ಎಂದರೆ ಏರಿ, ಕೋಡಿ, ತೂಬು, ಹೂಳು, ಕಾಲುವೆ. ಇವುಗಳಲ್ಲಿ ಯಾವುದು ಅರ್ಧಕ್ಕೆ ನಿಂತರೆ ಅಪಾಯ, ಯಾವುದು ಅರ್ಧಕ್ಕೆ ನಿಂತರೂ ಅರ್ಧ ಲಾಭ ಎಂದು ವಿಂಗಡಿಸಿಕೊಳ್ಳಿರಿ. ತೂಬಿಗಾಗಿ ಏರಿಯನ್ನು ಕಡಿದು ಹಾಗೆಯೇ ಬಿಟ್ಟರೆ ಒಂದೇ ರಾತ್ರಿಯ ಮಳೆಗೆ ಕೆರೆ ಒಡೆದೀತು. ಕೆಳಗಿನ ಗದ್ದೆಗಳೂ ಮನೆಗಳೂ ಹೋದಾವು. ಕೋಡಿ ಕುಸಿದಿದ್ದರೂ ಅಷ್ಟೇ ಅಪಾಯ. ಹೂಳಾದರೋ ಹಾಗಲ್ಲ. ನೂರು ಗಾಡಿ ತೆಗೆದರೆ ನೂರು ಗಾಡಿಯಷ್ಟು ಲಾಭ. ಆ ಕೆರೆಗೋಡು ಹೊಲಕ್ಕೂ ಒಳ್ಳೆಯದು. ಆದುದರಿಂದ ಬೇಸಗೆಯ ಮೊದಲಲ್ಲೇ ತೂಬು, ಕೋಡಿ, ಏರಿಗಳನ್ನು ಮುಗಿಸಿಕೊಳ್ಳಿರಿ. ಏರಿಗೆ ಹಾಕುವ ಮಣ್ಣನ್ನು ತೆಳುವಾದ ಪದರಗಳಲ್ಲಿ ಹರಡಿ, ನೀರು ಚಿಮುಕಿಸಿ, ಚೆನ್ನಾಗಿ ದಮ್ಮಸು ಮಾಡಿಸಿರಿ. ಏರಿಯ ಬುಡದಲ್ಲೇ ಮಣ್ಣು ಅಗೆಯಗೊಡಬೇಡಿರಿ. ಉಳಿದ ದಿನ, ಉಳಿದ ಹಣ, ಉಳಿದ ಆಳು ಎಲ್ಲವನ್ನೂ ಹೂಳಿಗೆ ಹಾಕಿರಿ. ಮಳೆ ಬಂದ ದಿನ ಸಂತೋಷವಾಗಿ ನಿಲ್ಲಿಸಬಹುದು.

ಮೊದಲನೆಯ ಕಂತನ್ನೂ ಇದೇ ಲೆಕ್ಕದಲ್ಲಿ ನೋಡಿರಿ. ಕೈಗೆ ಬಂದಿರುವ ಹಣದಲ್ಲಿ ಮುಗಿಯುವಂತಿದ್ದರೆ ಮಾತ್ರ ಏರಿಯನ್ನು ಕಡಿಯಿರಿ. ಬರುವುದೆಂದು ನಂಬಿದ ಹಣದ ಮೇಲೆ ಏರಿ ಕಡಿಯಬೇಡಿರಿ.

ಇನ್ನು ಜನರ ಮಾತು. ಯೋಜನೆ ಬದಲಾದಾಗ ಅದನ್ನು ಮುಚ್ಚಿಡುವುದು ಮುಂದಾಳಿನ ದೊಡ್ಡ ತಪ್ಪು. ವಾರಕ್ಕೊಮ್ಮೆ ಎಲ್ಲರನ್ನೂ ಏರಿಯ ಮೇಲೆಯೇ ಸೇರಿಸಿರಿ. ಆದದ್ದೆಷ್ಟು, ಖರ್ಚಾದದ್ದೆಷ್ಟು, ಬದಲಾದದ್ದೇನು, ಏತಕ್ಕೆ ಎಂದು ಓದಿ ಹೇಳಿರಿ. ತಿಳಿಯದ್ದನ್ನು ತಿಳಿಯದು ಎನ್ನಿರಿ. “ಹಣ ನಾಳೆಯೇ ಬರುತ್ತದೆ” ಎಂದು ಎರಡು ಸಲ ಹೇಳಿ ಎರಡು ಸಲವೂ ತಪ್ಪಿದರೆ, ಮೂರನೆಯ ಸಲ ನಿಮ್ಮ ಕರೆಗೆ ಯಾರೂ ಗುದ್ದಲಿ ಹಿಡಿದು ಬರುವುದಿಲ್ಲ. ಹಣ ತಡವಾಗಿ ಬಂದರೂ ಕೆಲಸ ಸಾಗೀತು. ಕೆಟ್ಟುಹೋದ ನಂಬಿಕೆ ಬರುವುದು ಬಹಳ ಕಷ್ಟ. ಲೆಕ್ಕದ ಪುಸ್ತಕವನ್ನು ನಿಮ್ಮ ಜೊತೆಗೆ ಇನ್ನೊಬ್ಬರಾದರೂ ಬಲ್ಲವರಾಗಿರಲಿ. ನೀವು ಕಾಯಿಲೆ ಬಿದ್ದ ದಿನ ಕೆಲಸವೂ ಮಲಗಬಾರದು.

ಕನ್ನಂಬಾಡಿಯಿಂದ ಇನ್ನೂ ಒಂದು ಮಾತು ಕಲಿಯಬೇಕಾಗಿದೆ. ಆ ಅಗಲವಾದ ಅಡಿಪಾಯವೇ ಮದರಾಸಿನವರ ಅಸಮಾಧಾನವನ್ನು ಹೆಚ್ಚಿಸಿತು. ಒಂದು ಕಡೆಯ ಜಾಣತನ ಇನ್ನೊಂದು ಕಡೆಗೆ ಮೋಸವಾಗಿ ಕಂಡಿತು. ಅದು ಇತ್ಯರ್ಥವಾಗಲು ವರ್ಷಗಳೇ ಹಿಡಿದವು. ನಿಮ್ಮ ಕೋಡಿಯಿಂದ ಹೊರಟ ನೀರು ಕೆಳಗಿನ ಊರಿನ ಕೆರೆಗೆ ಹೋಗುತ್ತದೆ. ಕೋಡಿಯನ್ನು ಒಂದು ಗೇಣು ಎತ್ತರಿಸುವ ಯೋಚನೆಯಿದ್ದರೆ, ಕಲ್ಲು ಇಡುವ ಮೊದಲೇ ಆ ಊರಿನ ಹಿರಿಯರನ್ನು ಕರೆದು ತೋರಿಸಿ ಒಪ್ಪಿಸಿಕೊಳ್ಳಿರಿ. ನೀರು ಏರಿದಾಗ ಯಾರ ಹೊಲ ಮುಳುಗುವುದೋ ಅವರ ಮನೆಗೂ ನೀವೇ ಹೋಗಿ ಮಾತನಾಡಿರಿ.

ಮಳೆಯನ್ನು ನಿಲ್ಲಿಸುವುದು ನಿಮ್ಮ ಕೈಯಲ್ಲಿಲ್ಲ. ಕಂತನ್ನು ಬೇಗ ತರಿಸುವುದೂ ಪೂರ್ತಿಯಾಗಿ ನಿಮ್ಮ ಕೈಯಲ್ಲಿಲ್ಲ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದು ಮಾತ್ರ ನಿಮ್ಮ ಕೈಯಲ್ಲಿದೆ. ನಾಳೆ ಬೆಳಿಗ್ಗೆ ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆಯಿರಿ. “ಇವೊತ್ತೇ ಕೆಲಸ ನಿಂತರೆ ಇಲ್ಲಿ ಏನಾದೀತು?” ಎಂದು ಹೆಜ್ಜೆ ಹೆಜ್ಜೆಗೂ ಕೇಳಿಕೊಳ್ಳಿರಿ. ಉತ್ತರ ಎಲ್ಲಿ ಭಯ ಹುಟ್ಟಿಸುವುದೋ ಅಲ್ಲಿಂದ ಕೆಲಸ ಪ್ರಾರಂಭಿಸಿರಿ.