ಮಾತಿನಿಂದ ಕಟ್ಟಿದ ಲೋಕ



ಕಂಪ್ಯೂಟರ್ ಆಟ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬಣ್ಣ, ಓಟ, ಗದ್ದಲ. ಈ ಹೊತ್ತು ನಾನು ಹೇಳಹೊರಟಿರುವ ಆಟದಲ್ಲಿ ಒಂದೇ ಒಂದು ಚಿತ್ರವೂ ಇರಲಿಲ್ಲ. ಇದ್ದದ್ದು ಬರೀ ಅಕ್ಷರ. ಆದರೂ ಇಂದು ಲಕ್ಷಾಂತರ ಜನ ಅಂತರಜಾಲದಲ್ಲಿ ಕೂಡಿ ಆಡುವ ಎಷ್ಟೋ ಆಟಗಳ ವಂಶಾವಳಿಯನ್ನು ಹಿಡಿದು ಹೋದರೆ ಅದರ ಬಾಗಿಲಿಗೇ ಬಂದು ನಿಲ್ಲುತ್ತೇವೆ.

1978ರ ಮಾತು. ರಾಯ್ ಟ್ರಬ್‌ಷಾ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದರು. ಒಬ್ಬರೇ ಕುಳಿತು ಆಡುವ ಅಕ್ಷರದ ಆಟಗಳು ಆಗಲೇ ಬಂದಿದ್ದವು. ಉತ್ತರಕ್ಕೆ ಹೋಗು ಎಂದು ಟೈಪ್ ಮಾಡಿದರೆ, ಅಲ್ಲಿ ಕಾಣುವ ಗುಹೆಯನ್ನೋ ಕಾಡನ್ನೋ ಯಂತ್ರ ವರ್ಣಿಸುತ್ತಿತ್ತು. ಆ ಗುಹೆಯಲ್ಲಿ ಇನ್ನೊಬ್ಬ ನಿಜವಾದ ಮನುಷ್ಯನೂ ಎದುರಾಗುವಂತೆ ಮಾಡಲು ಟ್ರಬ್‌ಷಾ ಹೊರಟರು.

ವಿಶ್ವವಿದ್ಯಾಲಯದಲ್ಲಿದ್ದದ್ದು ಡೆಕ್-10 ಎಂಬ ದೊಡ್ಡ ಗಣಕ. ಹಲವರು ಒಟ್ಟಿಗೆ ಬಳಸಿದರೂ ಒಬ್ಬರ ಕೆಲಸ ಇನ್ನೊಬ್ಬರಿಗೆ ತಾಗುತ್ತಿರಲಿಲ್ಲ. ಒಂದೇ ವಠಾರದ ಬೇರೆ ಬೇರೆ ಮನೆಗಳ ಹಾಗೆ. ಟ್ರಬ್‌ಷಾ ಗಣಕದ ಸ್ಮೃತಿಯ ಒಂದು ಭಾಗವನ್ನು ಎಲ್ಲ ಆಟಗಾರರಿಗೂ ಸೇರಿದ ಅಂಗಳವನ್ನಾಗಿ ಮಾಡಿದರು. ಒಬ್ಬ ಕತ್ತಿಯನ್ನು ಎತ್ತಿಕೊಂಡರೆ ಇನ್ನೊಬ್ಬನ ಪಾಲಿಗೆ ಅದು ಅಲ್ಲಿ ಇಲ್ಲ! ಹೀಗೆ ಹುಟ್ಟಿದ್ದು 'ಮಲ್ಟಿ ಯೂಸರ್ ಡಂಜನ್', ಅಂದರೆ ಬಹುಜನರ ನೆಲಮಾಳಿಗೆ. ಜನರ ಬಾಯಲ್ಲಿ ಅದು 'ಮಡ್'.

1980ರಲ್ಲಿ ಟ್ರಬ್‌ಷಾ ಎಸೆಕ್ಸ್ ಬಿಟ್ಟಾಗ ಆಟವನ್ನು ಗೆಳೆಯ ರಿಚರ್ಡ್ ಬಾರ್ಟಲ್ ಕೈಗಿತ್ತರು. ಆ ಲೋಕಕ್ಕೆ ಹೆಚ್ಚಿನ ಜಾಗಗಳನ್ನೂ ಒಗಟುಗಳನ್ನೂ ಕಟ್ಟಿ ಅದನ್ನು ಪೂರ್ತಿಗೊಳಿಸಿದವರು ಬಾರ್ಟಲ್. ಮುಂದೆ ಹೊರಗಿನವರೂ ದೂರವಾಣಿ ತಂತಿಯ ಮೂಲಕ ಬಂದು ಆಡತೊಡಗಿದರು. ಹಗಲಿನಲ್ಲಿ ಗಣಕಕ್ಕೆ ಬಿಡುವಿಲ್ಲದ ಕಾರಣ ಅವರಿಗೆ ಸಿಗುತ್ತಿದ್ದುದು ನಡುರಾತ್ರಿ ಕಳೆದ ಮೇಲಿನ ಹೊತ್ತು.

ನಮ್ಮ ತಾಳಮದ್ದಳೆಯನ್ನು ನೆನೆಯಿರಿ. ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಯ ಮಾತೇ ರಣರಂಗವನ್ನೂ ರಾಜಸಭೆಯನ್ನೂ ಕಟ್ಟಿಕೊಡುತ್ತದೆ. ಮಡ್‌ನಲ್ಲಿಯೂ ಮನುಷ್ಯನೆಂದರೆ ಅವನ ಮಾತು ಮತ್ತು ನಡತೆ, ಅಷ್ಟೆ. ಅವನ ಬಟ್ಟೆ ಕಾಣದು, ಉಚ್ಚಾರ ಕೇಳದು. ಬಾಯಿ ತೆರೆದೊಡನೆ ಮನೆತನ ಗೊತ್ತಾಗಿಬಿಡುವ ಇಂಗ್ಲೆಂಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಬಾರ್ಟಲ್ ಸಿರಿವಂತರ ಮನೆಯಿಂದ ಬಂದವರಲ್ಲ. ಹುಟ್ಟು, ಅಂತಸ್ತು ಲೆಕ್ಕಕ್ಕೆ ಬಾರದ ಒಂದು ಲೋಕವನ್ನು ಕಟ್ಟುವುದೇ ತಮ್ಮ ಉದ್ದೇಶವಾಗಿತ್ತು ಎಂದು ಅವರು ಮುಂದೆ ಹೇಳಿಕೊಂಡಿದ್ದಾರೆ.

ಹಾಗಾದರೆ ಅಲ್ಲಿ ಸಮಾನತೆ ಇತ್ತೇ? ಬಾಗಿಲಲ್ಲಿ ಇತ್ತು. ಒಳಗೆ ಹೋದ ಮೇಲೆ ಮೆಟ್ಟಿಲುಗಳಿದ್ದವು. ನಿಧಿ ಹುಡುಕಿ, ಅಂಕ ಗಳಿಸಿ, ಕೊನೆಯ ಮೆಟ್ಟಿಲೇರಿದವನು 'ಮಾಂತ್ರಿಕ'ನಾಗುತ್ತಿದ್ದ. ಅವನಿಗೆ ಇತರರಿಗಿಲ್ಲದ ಅಧಿಕಾರ. ಕಾದಾಟದಲ್ಲಿ ಇನ್ನೊಬ್ಬರ ಕೈಯಲ್ಲಿ ಸತ್ತರೆ ನಿಮ್ಮ ಪಾತ್ರ ಅಳಿದೇಹೋಗುತ್ತಿತ್ತು. ಅದುವರೆಗಿನ ಶ್ರಮವೆಲ್ಲ ನೀರಿನಲ್ಲಿ ಹೋಮ. ಹುಟ್ಟಿನಿಂದ ಬಂದ ಮೇಲುಕೀಳು ಹೋಯಿತು. ದುಡಿಮೆಯಿಂದ ಬಂದ ಮೇಲುಕೀಳು ಉಳಿಯಿತು. ಬಲವುಳ್ಳವನು ಬಲವಿಲ್ಲದವನೊಡನೆ ಹೇಗೆ ನಡೆದುಕೊಳ್ಳಬೇಕು ಎಂಬ ಹಳೆಯ ಪ್ರಶ್ನೆಯೂ ಉಳಿಯಿತು.

ಆಟಗಾರರೆಲ್ಲ ಒಂದೇ ಬಗೆಯವರಲ್ಲ ಎಂಬುದನ್ನು ಬಾರ್ಟಲ್ ಕಂಡುಕೊಂಡರು. 1996ರಲ್ಲಿ ಪ್ರಕಟವಾದ ಲೇಖನದಲ್ಲಿ ಅವರು ನಾಲ್ಕು ಬಗೆಯವರನ್ನು ಗುರುತಿಸಿದರು: ಗೆಲ್ಲಬೇಕೆನ್ನುವವರು, ಹುಡುಕುವವರು, ಒಡನಾಟ ಬಯಸುವವರು, ಇತರರನ್ನು ಕಾಡುವವರು. ಇವುಗಳಲ್ಲಿ ಒಂದು ಬಗೆ ಹೆಚ್ಚಾದರೆ ಉಳಿದವುಗಳ ಮೇಲೂ ಅದರ ಪರಿಣಾಮವಾಗುತ್ತದೆ ಎಂದರು. ಆಟಗಳನ್ನು ರೂಪಿಸುವವರು ಈ ವಿಂಗಡಣೆಯನ್ನು ಇಂದಿಗೂ ನೆನೆಯುತ್ತಾರೆ.

ಮಡ್ ತನ್ನ ಹುಟ್ಟೂರಿನಲ್ಲೇ ನಿಲ್ಲಲಿಲ್ಲ. 1987ರಲ್ಲಿ ವೇಲ್ಸ್‌ನ ಅಬೆರಿಸ್ಟ್‌ವಿತ್‌ನಲ್ಲಿ ಅಲನ್ ಕಾಕ್ಸ್ 'ಅಬರ್‌ಮಡ್' ಬರೆದರು; ಅದರಿಂದ ಇನ್ನೂ ಹಲವು ಆಟಗಳು ಕವಲೊಡೆದವು. ಆಮೇಲೆ ಚಿತ್ರ ಬಂತು, ಧ್ವನಿ ಬಂತು, ವ್ಯಾಪಾರವೂ ಬಂತು.

ಮುಖ ಕಾಣದವರೊಡನೆ ಇಂದು ನಾವೆಲ್ಲರೂ ದಿನವೂ ಮಾತನಾಡುತ್ತೇವೆ. ಮುಖ ಮರೆಯಾದಾಗ ಮನುಷ್ಯ ಹಗುರಾಗುತ್ತಾನೆಯೇ, ಹಗುರವಾಗಿ ನಡೆದುಕೊಳ್ಳುತ್ತಾನೆಯೇ? ನಾಲ್ಕು ದಶಕಗಳಿಗೂ ಹಿಂದೆ, ನಡುರಾತ್ರಿಯಲ್ಲಿ ಅಕ್ಷರ ಕುಟ್ಟುತ್ತ ಕುಳಿತವರ ಮುಂದೆಯೂ ಇದೇ ಪ್ರಶ್ನೆಯಿತ್ತು. ಯಂತ್ರ ಅಂಗಳವನ್ನಷ್ಟೇ ಹಾಸಿಕೊಟ್ಟಿತು. ಅಲ್ಲಿ ಹೇಗೆ ಬಾಳಬೇಕೆಂಬುದನ್ನು ನಾವೇ ಕಲಿಯಬೇಕು.